ಅಪ್ಪ ನೂಡಲ್ಸ್ ತಿಂದ ಮಧ್ಯಾಹ್ನ

ಕೋಲಾರದಿಂದ ಮಾಲೂರಿಗೆ ಹೋಗುವ ರಸ್ತೆಯಲ್ಲಿ, ಪಂಚರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಕೊರಿಯಾದ ಹೆಂಗಸೊಬ್ಬರು ನಡೆಸುವ ಸಣ್ಣ ನೂಡಲ್ಸ್ ಹೋಟೆಲ್ ಇದೆ. ಚೀನಾದಿಂದ ಕೊರಿಯಾಕ್ಕೆ ಹೋಗಿ ಅಲ್ಲಿನ ನಾಲಿಗೆಗೆ ತಕ್ಕಂತೆ ಬದಲಾದ ಅಡುಗೆ ಅಲ್ಲಿ ಸಿಗುತ್ತದೆ. ಸುತ್ತಲಿನ ಕಾರ್ಖಾನೆಗಳಿಗೆ ಬಂದಿರುವ ಅವರ ದೇಶದವರೇ ಹೆಚ್ಚಿನ ಗಿರಾಕಿಗಳು. ನಾನು ಅಂಥ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಆಗಾಗ ಒಬ್ಬಳೇ ಹೋಗಿ ಉಂಡು ಬರುತ್ತಿದ್ದೆ. ಅಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ನನಗೆ ಮೊದಲು ಹಿಡಿಸಿದ್ದು ಅದೇ.

ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದು ಅನ್ನಿಸಿದ್ದು ಆತನಿಗೆ ಬಾಯಿಯ ಶಸ್ತ್ರಚಿಕಿತ್ಸೆ ಆದಮೇಲೆ.

ಅಪ್ಪ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ಕೂಗುತ್ತಿದ್ದವನು. ರೈತರಿಗೆ ಕನ್ನಡ, ಆಂಧ್ರದ ವ್ಯಾಪಾರಿಗಳಿಗೆ ತೆಲುಗು, ಎರಡನ್ನೂ ಒಂದೇ ಉಸಿರಿಗೆ ಕೂಗುತ್ತಿದ್ದ. ಗಂಟಲು ಒಣಗಬಾರದೆಂದು ಕೆನ್ನೆಯಲ್ಲಿ ಸದಾ ಎಲೆಯಡಿಕೆ, ಹೊಗೆಸೊಪ್ಪು ಇರುತ್ತಿತ್ತು. ಆ ಕೆನ್ನೆಯೊಳಗೇ ಗಡ್ಡೆಯಾಯಿತು. ಗಡ್ಡೆಯ ಜೊತೆಗೆ ದವಡೆಯ ಒಂದು ತುಂಡನ್ನೂ ತೆಗೆದರು. ಆಮೇಲೆ ನಮ್ಮ ಕಡೆಯವರು ಕರೆಂಟ್ ಇಡೋದು ಅನ್ನುವ ವಿಕಿರಣ ಚಿಕಿತ್ಸೆಯೂ ಮುಗಿಯಿತು. ಜೀವ ಉಳಿಯಿತು. ಆದರೆ ಬಾಯಿ ಪೂರ್ತಿ ತೆರೆಯುವುದಿಲ್ಲ, ಎಡಗಡೆ ತುಟಿ ಸರಿಯಾಗಿ ಮುಚ್ಚುವುದಿಲ್ಲ, ಏನು ಕುಡಿದರೂ ಅಲ್ಲಿಂದ ಒಂದಿಷ್ಟು ಇಳಿಯುತ್ತದೆ.

ವಕ್ಕಲೇರಿ ಕಡೆಯ ನಮ್ಮ ಮನೆಯಲ್ಲಿ ಅಪ್ಪ ಯಾವತ್ತೂ ಒಬ್ಬನೇ ಕೂತು ಉಂಡವನಲ್ಲ. ಯಾರಾದರೂ ಬಂದರೆ ತಟ್ಟೆ ಹಾಕಿಸಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ಈಗ ಗಂಜಿಯ ಲೋಟ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಎಷ್ಟು ಕುಡಿದ, ಎಷ್ಟು ಚೆಲ್ಲಿದ ಎಂದು ಅಮ್ಮನಿಗೂ ತಿಳಿಯುತ್ತಿರಲಿಲ್ಲ. ತೂಕ ಮಾತ್ರ ಇಳಿಯುತ್ತಲೇ ಇತ್ತು. ಹೀಗೇ ಆದರೆ ಮುಂದಿನ ತಿಂಗಳು ಮೂಗಿನಿಂದ ಹೊಟ್ಟೆಗೆ ಕೊಳವೆ ಹಾಕಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದರು. 

ನಮ್ಮ ಅಡುಗೆಯೆಲ್ಲ ಖಾರ. ವಿಕಿರಣಕ್ಕೆ ಸುಟ್ಟ ಬಾಯಿಗೆ ಬಸ್ಸಾರಿನ ಹನಿಯೂ ಉರಿ. ಆ ಹೋಟೆಲಿನ ಕಪ್ಪು ನೂಡಲ್ಸಿಗೆ ಮೆಣಸಿನಕಾಯಿ ಹಾಕುವುದಿಲ್ಲ. ಹುದುಗಿಸಿದ ಕಾಳಿನ ಗಟ್ಟಿ ಸಾಸು, ಬೆಂದ ಈರುಳ್ಳಿ, ಆಲೂಗಡ್ಡೆ, ಸ್ವಲ್ಪ ಸಿಹಿ. ನಾನು ಲೆಕ್ಕ ಹಾಕಿದ್ದು ಅಷ್ಟನ್ನೇ. ಭಾನುವಾರ ಅಪ್ಪನಿಗೆ ಬೇರೆ ಯಾವ ನೆಪವನ್ನೂ ಹೇಳಲಿಲ್ಲ. ಊಟಕ್ಕೆ ಅಂತಲೇ ಹೇಳಿದೆ. ಬರುವುದಿಲ್ಲ ಅಂದ. ಅಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇರುವುದಿಲ್ಲ ಅಂದೆ. ಎದ್ದು ಶಾಲು ಹುಡುಕಿ, ಬಾಯಿ ಮರೆಯಾಗುವಂತೆ ಕುತ್ತಿಗೆಗೆ ಸುತ್ತಿಕೊಂಡ.

ಹೋಟೆಲಿನಲ್ಲಿ, ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದ ಕೊರಿಯಾದ ಮೂವರು ಪಕ್ಕದ ಮೇಜಿನಲ್ಲಿದ್ದರು. ಬಟ್ಟಲಿನ ಮೇಲೆ ತಲೆ ಬಗ್ಗಿಸಿ, ಸೊರ್ ಎಂದು ಸದ್ದು ಮಾಡುತ್ತ ನೂಡಲ್ಸ್ ಎಳೆಯುತ್ತಿದ್ದರು. ತುಟಿ, ಗಲ್ಲ ಎಲ್ಲ ಕಪ್ಪು. ಒಬ್ಬ ಒರೆಸಿಕೊಂಡು ಮತ್ತೆ ಬಾಗಿದ. ಅಪ್ಪ ಶಾಲಿನ ಮರೆಯಿಂದ ಅವರನ್ನೇ ನೋಡುತ್ತ ಕೂತ.

“ದುಡ್ಡು ಕೊಟ್ಟು ಮುಖಕ್ಕೆ ಮಸಿ ಬಳ್ಕೊಳ್ಳೋ ಜಾಗ ಹುಡುಕಿದೀಯ ಕಣೇ,” ಅಂದ.

ತಿಂಗಳುಗಳ ಮೇಲೆ ಕೇಳಿದ ತಮಾಷೆ. ನಾನು ನಗಲಿಲ್ಲ, ನಕ್ಕರೆ ನಿಲ್ಲಿಸಿಬಿಡುತ್ತಾನೆ ಎಂದು ಹೆದರಿದೆ.

ಬಡಿಸುವ ಹೆಂಗಸು ದೇವರಾಯಸಮುದ್ರದ ಕಡೆಯವಳು. ಹಂದಿ ಹಾಕಬೇಡಿ, ಕೋಳಿ ಸಣ್ಣಗೆ ಕತ್ತರಿಸಿ ಹಾಕಿ ಎಂದು ನಾನು ಹೇಳಿದ್ದನ್ನು ಒಳಗೆ ತಿಳಿಸಿ ಬಂದಳು. ಬಟ್ಟಲು ತಂದಿಟ್ಟು, ಶಾಲು ಜಾರಿ ಕಾಣುತ್ತಿದ್ದ ಅಪ್ಪನ ಕುತ್ತಿಗೆಯ ಗಾಯದ ಗೆರೆಯನ್ನು ಒಮ್ಮೆ ನೋಡಿ, ಏನೂ ಕೇಳದೆ ಕತ್ತರಿ ತಂದಳು. ಅಲ್ಲಿ ನೂಡಲ್ಸನ್ನು ಕತ್ತರಿಯಿಂದ ಕತ್ತರಿಸಿ ಕೊಡುವುದು ರೂಢಿ. ಸಾಸಿನೊಂದಿಗೆ ಕಲಸಿ, ಉದ್ದಕ್ಕೂ ಅಡ್ಡಕ್ಕೂ ಕತ್ತರಿಸಿದಳು. ತಿನ್ನಲು ಇಟ್ಟಿದ್ದ ಎರಡು ಕಡ್ಡಿಗಳನ್ನು ಅಪ್ಪ ಮುಟ್ಟಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದ.

ಮೊದಲ ತುತ್ತಿನಲ್ಲೇ ತಪ್ಪಾಯಿತು. ಬೆರಳುಗಳಿಂದ ನೂಡಲ್ಸನ್ನು ಒತ್ತಿ, ಉಂಡೆ ಮಾಡಿ, ಸಾಸಿನಲ್ಲಿ ಹೊರಳಿಸಿ, ಬಾಯಿ ತೆರೆದಷ್ಟರಲ್ಲೇ ತುರುಕಿಕೊಂಡು ಅಗಿಯದೆ ನುಂಗಲು ಹೋದ. ಮುದ್ದೆಯಾದರೆ ಜಾರಿಕೊಂಡು ಹೋಗುತ್ತಿತ್ತು. ಇದು ಗಂಟಲಲ್ಲಿ ಬಿಚ್ಚಿಕೊಂಡಿತು. ಕೆಮ್ಮು ಬಂತು. ಎಡ ತುಟಿಯಿಂದ, ಮೂಗಿನಿಂದ ಕಪ್ಪು ಸಾಸು ಮೇಜಿನ ಮೇಲೆ, ಶಾಲಿನ ಮೇಲೆ ಸಿಡಿಯಿತು. ನಾನು ಎದ್ದು ಬೆನ್ನು ತಟ್ಟಿದೆ. ಕೆಮ್ಮು ನಿಂತಮೇಲೂ ಅಪ್ಪ ತಲೆ ಎತ್ತಲಿಲ್ಲ. ಇನ್ನು ಎದ್ದು ಹೊರಟುಬಿಡುತ್ತಾನೆ, ಇನ್ನೆಂದೂ ಯಾರ ಮುಂದೆಯೂ ಬಾಯಿ ತೆರೆಯುವುದಿಲ್ಲ, ಇದನ್ನು ಮಾಡಿದವಳು ನಾನೇ ಎಂದು ನಿಂತಲ್ಲೇ ಅನ್ನಿಸಿತು.

ಪಕ್ಕದ ಮೇಜಿನವನೊಬ್ಬ ತಿರುಗಿ ನೋಡಿದ. ತಮ್ಮ ಮೇಜಿನ ಮೇಲಿದ್ದ ಬಾಯಿ ಒರೆಸುವ ಕಾಗದದ ಡಬ್ಬಿಯನ್ನು ನಮ್ಮ ಕಡೆ ಸರಿಸಿ ಮತ್ತೆ ತನ್ನ ಬಟ್ಟಲಿಗೆ ಬಾಗಿದ. ಅವನ ಗಲ್ಲದ ಮೇಲೂ ಸಾಸಿತ್ತು.

ಬಡಿಸುವಾಕೆ ನೀರು ತಂದಳು. “ಇದು ಮುದ್ದೆ ಅಲ್ಲಣ್ಣಾ. ನುಂಗಿದ್ರೆ ಇಳಿಯಲ್ಲ, ಅಗೀಬೇಕು.”

ಅಪ್ಪ ಮೂಗು ಒರೆಸಿಕೊಂಡ. “ಅಗಿಯೋದು ಯಾವತ್ತಮ್ಮಾ ಕಲಿತಿದ್ವಿ ನಾವು? ಅಗಿದಿದ್ದು ಒಂದೇ, ಹೊಗೆಸೊಪ್ಪು.”

ಅವಳು ನಕ್ಕಳು. ಮುದ್ದೆ ಅಗಿದ ಅಳಿಯನನ್ನು ಅವರ ಊರಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ ಎಂದು ತೆಲುಗಿನಲ್ಲಿ ಸೇರಿಸಿದಳು. ಅಪ್ಪನೂ ತೆಲುಗಿನಲ್ಲೇ ಉತ್ತರ ಕೊಟ್ಟ. ಮಾತು ತೊದಲುತ್ತಿತ್ತು, ಆದರೂ ಅವಳಿಗೆ ಅರ್ಥವಾಯಿತು. ನೂಡಲ್ಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಮತ್ತೊಮ್ಮೆ ಕತ್ತರಿಸಿ ಚಮಚ ಇಟ್ಟು ಹೋದಳು.

ಅಪ್ಪ ಕುತ್ತಿಗೆಯಿಂದ ಶಾಲು ತೆಗೆದು ಪಕ್ಕದ ಕುರ್ಚಿಗೆ ಹಾಕಿದ. ಚಮಚದ ತುದಿಯಲ್ಲಿ ತೆಗೆದುಕೊಂಡು, ಬಲಗಡೆಗೆ ಸರಿಸಿ, ಅಗಿದ. ಎಡಗಡೆ ಇಳಿದದ್ದನ್ನು ತಕ್ಷಣ ಒರೆಸಿಕೊಳ್ಳಲಿಲ್ಲ. ಆ ಮೂವರು ಉಂಡು ಹೋದರು, ಬೇರೆಯವರು ಬಂದು ಕೂತರು, ಅವರೂ ಸದ್ದು ಮಾಡುತ್ತ ತಿಂದರು. ಬಟ್ಟಲು ಅರ್ಧ ಖಾಲಿಯಾಗಲು ತುಂಬಾ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ನಾನು ಅವನ ಬಾಯನ್ನು ನೋಡುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಅವನು ಹೇಳಿದಾಗಲೇ.

“ನನ್ನನ್ನ ನೋಡ್ಬೇಡ. ನಿಂದು ನೀನು ತಿನ್ನು.”

ಮನೆಯಲ್ಲಿ ನಾವು ಬಾಗಿಲ ಹೊರಗೆ ಕಾಯುತ್ತಿದ್ದೆವು, ಅವನು ಹೊರಬಂದರೆ ಲೋಟ ನೋಡುತ್ತಿದ್ದೆವು, ಅಮ್ಮ ಒರೆಸಲು ಸೆರಗು ಹಿಡಿದು ಸಿದ್ಧವಾಗಿರುತ್ತಿದ್ದಳು. ಅಪ್ಪ ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ತನ್ನ ಬಾಯಿಗಾಗಿ ಎಂದುಕೊಂಡಿದ್ದೆ. ನಮ್ಮ ಕಣ್ಣಿಗಾಗಿಯೂ ಇರಬಹುದು ಎಂದು ಆವರೆಗೆ ಹೊಳೆದಿರಲಿಲ್ಲ. ನನ್ನ ಬಟ್ಟಲಿನಲ್ಲಿ ನೂಡಲ್ಸ್ ಹೆಪ್ಪುಗಟ್ಟಿತ್ತು. ಬಗ್ಗಿ ತಿಂದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತೂಕ ಹೆಚ್ಚಿರಲಿಲ್ಲ, ಇಳಿದಿರಲೂ ಇಲ್ಲ. ಕೊಳವೆಯ ಮಾತನ್ನು ಇನ್ನೊಂದು ತಿಂಗಳು ಬಿಟ್ಟು ನೋಡೋಣ ಎಂದರು ವೈದ್ಯರು. ಅದೇ ವಾರ ಒಂದು ಬೆಳಿಗ್ಗೆ ಅಪ್ಪ ಗಂಜಿಯ ಜೊತೆ ಮೆತ್ತಗೆ ಕಲಸಿದ ಅನ್ನವನ್ನೂ ಹಾಕಿಸಿಕೊಂಡು ಹಜಾರಕ್ಕೆ ಬಂದು ನಮ್ಮ ನಡುವೆ ಕೂತ. ಗಲ್ಲದ ಮೇಲೆ ಗಂಜಿ ಇಳಿಯಿತು. ಅಮ್ಮನ ಕೈ ಸೆರಗಿಗೆ ಹೋಯಿತು.

“ಬಿಡೇ,” ಅಂದ ಅಪ್ಪ. “ಆಮೇಲೆ ಒರೆಸ್ಕೋತೀನಿ.”

ಅಮ್ಮ ನನ್ನ ಮುಖ ನೋಡಿದಳು. ನಾನು ಚಟ್ನಿಯ ಬಟ್ಟಲನ್ನು ಅವಳ ಕಡೆ ಸರಿಸಿ, ನನ್ನ ತಟ್ಟೆ ನೋಡಿಕೊಂಡು ತಿನ್ನತೊಡಗಿದೆ.