ಬೆಡ್ ಖಾಲಿ ಆಯ್ತಾ?

ನಂಬದಿದ್ದರೆ ಬಿಡಿ, ನನಗೇನೂ ಬೇಸರವಿಲ್ಲ. ಆದರೆ ಆ ರಾತ್ರಿ ಆ ಕೋಣೆಯಲ್ಲಿದ್ದದ್ದು ನೀವಲ್ಲ, ನಾನು. ಗ್ಯಾಸ್ ಆಫ್ ಮಾಡಿದೆನಾ ಎಂದು ಮೂರು ಸಲ ಎದ್ದು ನೋಡುವ ಆಸಾಮಿ. ಸುಳ್ಳು ಹೆದರಿಕೆ ಯಾವುದು, ನಿಜವಾದದ್ದು ಯಾವುದು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಪೀಣ್ಯದ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ನನ್ನ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಜ್ವರ ಇಳಿದಿರಲಿಲ್ಲ. "ಇದೊಂದು ರಾತ್ರಿ ಕಳೀಲಿ, ನೋಡೋಣ" ಎಂದಿದ್ದರು ಡಾಕ್ಟರು. ಗದ್ದಲದಲ್ಲಿ ಅವಳಿಗೆ ನಿದ್ದೆ ಬಾರದೆಂದು ನಾನೇ ಹಟ ಹಿಡಿದು, ಬಾಡಿಗೆ ಕಟ್ಟಿ, ಎರಡನೇ ಮಹಡಿಯ ಸ್ಪೆಷಲ್ ವಾರ್ಡಿಗೆ ಹಾಕಿಸಿದ್ದೆ.

"ಜನರಲ್ ವಾರ್ಡಲ್ಲಿ ನಾಕು ಜನ ಇರ್ತಿದ್ರು ಕಣೋ" ಎಂದು ಅಕ್ಕ ಗೊಣಗಿದಳು. "ದುಡ್ಡು ಕೊಟ್ಟು ಒಂಟಿತನ ತಗೊಂಡ್ಯಲ್ಲ!"

ರಾತ್ರಿ ಎರಡರ ಸುಮಾರು... ಫಿನಾಯಿಲ್ ವಾಸನೆಯ ನಡುವೆ ಎಲ್ಲಿಂದಲೋ ಬಾಡಿದ ಸೇವಂತಿಗೆಯ ವಾಸನೆ. ಕಾರಿಡಾರಿನಲ್ಲಿ ಸ್ಟ್ರೆಚರಿನ ಚಕ್ರ ಕೀಚ್... ಕೀಚ್... ಎನ್ನುತ್ತ ಬಂದು ನಮ್ಮ ಬಾಗಿಲ ಮುಂದೆ ನಿಂತಿತು.

ಮೆಲ್ಲಗೆ ಎರಡು ಸಲ ಬಡಿದ ಸದ್ದು.

"ಸಾರ್... ಬೆಡ್ ಖಾಲಿ ಆಯ್ತಾ?"

ತುಂಬ ವಿನಯದ ಗಂಡು ದನಿ. ನಾನೋ, ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವನು. ಮ್ಯಾನೇಜರ್ ಏನೇ ಅಂದರೂ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ಆಯ್ತು ಸಾರ್" ಎನ್ನುವ ನಾಲಿಗೆ. ನಿದ್ದೆಗಣ್ಣಲ್ಲಿ ಅದೇ ಹೊರಟಿತು. "ಆಯ್..."

ಜ್ವರದಿಂದ ಸುಡುತ್ತಿದ್ದ ಕೈಯೊಂದು ನನ್ನ ಬಾಯಿ ಮುಚ್ಚಿತು. ಅಕ್ಕ! ಇನ್ನೊಂದು ಕೈಯಲ್ಲಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಅರ್ಧ ಎದ್ದಿದ್ದಳು.

"ಆಗಿಲ್ಲ ಕಣಯ್ಯಾ!" ಎಂದು ಬಾಗಿಲ ಕಡೆ ಕೂಗಿದಳು. "ನಾನಿನ್ನೂ ಇಲ್ಲೇ ಇದ್ದೀನಿ. ಖಾಲಿ ಮಾಡೋಳೂ ಅಲ್ಲ!"

ಮತ್ತೆ ಅದೇ ವಿನಯದ ದನಿ, ಈಗ ಮುಚ್ಚಿದ ಬಾಗಿಲಿನ ಈಚೆಯಿಂದ...

"ಮತ್ತೆ ಯಾವಾಗ ಬರ್ಲಿ ಮೇಡಂ?"

"ಬರ್ಲೇಬೇಡ!"

ನನಗೂ ಎಲ್ಲಿಂದ ಧೈರ್ಯ ಬಂತೋ, "ರಸೀದಿ ಇದೆ ನಮ್ಹತ್ರ!" ಎಂದು ಕಿರುಚಿದೆ. ಅಂಥ ಹೊತ್ತಲ್ಲೂ ರಸೀದಿ ನೆನಪಾಗುವುದು ನನ್ನಂಥವನಿಗೆ ಮಾತ್ರ.

ಚಕ್ರದ ಸದ್ದು ದೂರವಾಯಿತು. ಹೊರಗೆ ಓಡಿದೆ. ಮೆಟ್ಟಿಲ ಪಕ್ಕದ ಮೇಜಿನ ಮುಂದೆ ನರ್ಸಮ್ಮ ಏನೋ ಬರೆಯುತ್ತ ಕೂತಿದ್ದರು. "ಯಾರೂ ಬಂದಿಲ್ವಲ್ಲ ಸಾರ್? ಲಿಫ್ಟ್ ಸಂಜೆಯಿಂದ ಕೆಟ್ಟಿದೆ, ಸ್ಟ್ರೆಚರೆಲ್ಲ ಕೆಳಗೇ ಇದೆ."

ಬೆಳಗ್ಗೆ ಜ್ವರ ಇಳಿದಿತ್ತು. ಕೋಣೆ ಬದಲಿಸೋಣ ಎಂದರೆ ಅಕ್ಕ ಒಪ್ಪಲಿಲ್ಲ. "ಹೆದರ್ಕೊಂಡು ಹೋದ್ಲು ಅಂದ್ಕೋಬಾರ್ದು ಅವನು." ಇನ್ನೂ ಮೂರು ರಾತ್ರಿ ಅಲ್ಲೇ ಗಡದ್ದಾಗಿ ನಿದ್ದೆ ಮಾಡಿದಳು. ನನ್ನದು ಕೇಳಬೇಡಿ.

ಹೊಲಿಗೆ ಬಿಚ್ಚಿಸಲು ಹೋದ ದಿನ, ಮಟಮಟ ಮಧ್ಯಾಹ್ನ, ನನ್ನನ್ನು ಎಳೆದುಕೊಂಡು ಮಹಡಿ ಹತ್ತಿದಳು. ಕೋಣೆಗೆ ಹೊರಗಿನಿಂದ ಬೀಗ. ಅಕ್ಕ ಬಾಗಿಲು ಬಡಿದು, "ನೋಡಪ್ಪ, ನಡ್ಕೊಂಡೇ ಬಂದಿದ್ದೀನಿ!" ಎಂದಳು.

ಒಳಗೆ ಮಂಚ ಕಿರ್ ಎಂದಿತು... ಮಲಗಿದ್ದವರು ಯಾರೋ ಪಕ್ಕಕ್ಕೆ ಸರಿದು ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟ ಹಾಗೆ.

"ನಡಿಯೋ" ಎಂದಳು ಅಕ್ಕ.

ಓಡಲಿಲ್ಲ ನಾವು. ನಡೆದೇ ಇಳಿದೆವು. ಆದರೆ ಮೆಟ್ಟಿಲು ಮುಗಿಯುವವರೆಗೂ ಅವಳು ನನ್ನ ಕೈ ಬಿಡಲಿಲ್ಲ...