ಲಿವರಿನ ನಡುಕ ಮತ್ತು ಶೆಡ್ಡಿನ ಮಾವ

ಬೈಕಿನ ಕ್ಲಚ್ ಬಿಚ್ಚಿ ಜೋಡಿಸುವವರು ಬಹಳ ಮಂದಿ ಇದ್ದಾರೆ. ಅದು ಎಲ್ಲಿ ಹಿಡಿಯಬೇಕು, ಎಲ್ಲಿ ಜಾರಬೇಕು ಎಂದು ಮನಸ್ಸಿಗೆ ನಾಟುವಂತೆ ಹೇಳಬಲ್ಲವರು ಕಡಿಮೆ. ಈ ತಿಂಗಳು ನಿವೃತ್ತರಾಗುತ್ತಿರುವ, ನಮ್ಮ ಬೈಕ್ ರಿಪೇರಿ ಶೆಡ್ಡಿನ ಹಿರಿಯ ಮೆಕ್ಯಾನಿಕ್ ಆ ಕಡಿಮೆ ಮಂದಿಯಲ್ಲೊಬ್ಬರು. ಅಳಿಯ ಅಲ್ಲಿಯೇ ಕೆಲಸಕ್ಕೆ ಸೇರಿದಂದಿನಿಂದ ಅವರು ಎಲ್ಲರಿಗೂ ‘ಮಾವ’.

ಸೈಕಲ್ ಪಂಕ್ಚರಿನಿಂದ ಆರಂಭಿಸಿ ಮೇಲೆ ಬಂದ ಮಾವ, ಗಿರಾಕಿಯ ಮಾತು ಮುಗಿಯುವ ಮೊದಲು ಸ್ಪ್ಯಾನರ್ ಮುಟ್ಟಿದವರಲ್ಲ. ಸೈಲೆನ್ಸರ್ ತಗುಲಿ ಯಾರಾದರೂ ಕೈ ಸುಟ್ಟುಕೊಂಡರೆ ಮೊದಲು ನೀರು ಸುರಿಯುವರು, ಬೈಗುಳ ಆಮೇಲೆ. ನೀರು ಸುರಿಯುವಷ್ಟರಲ್ಲಿ ಬೈಗುಳ ಮರೆತುಹೋದದ್ದೇ ಹೆಚ್ಚು.

ಸ್ಲಿಪ್ಪರ್ ಕ್ಲಚ್ಚಿನ ಬೈಕುಗಳು ಶೆಡ್ಡಿಗೆ ಹೊಸದಾಗಿ ಬರತೊಡಗಿದ್ದ ಕಾಲ. ಗುಡ್ಡದಾಚೆಯ ಆಸ್ಪತ್ರೆಗೆ ಔಷಧ ಒಯ್ಯುವ ಹುಡುಗಿ, ಇಳಿಜಾರಿನಲ್ಲಿ ಗೇರ್ ಇಳಿಸುವಾಗ ಕ್ಲಚ್ ಲಿವರ್ ಬೆರಳಿಗೆ ನಡುಗುತ್ತದೆ ಎಂದು ದೂರಿದಳು. ಮಾವ ಊಟಕ್ಕೆ ಹೋಗಿದ್ದರು. ಹಳೆಯ ಬೈಕುಗಳ ಕ್ಲಚ್ ಸಡಿಲವಾದಾಗ ಮಾಡುವಂತೆಯೇ ಅಳಿಯ ಸ್ಪ್ರಿಂಗುಗಳ ಮೇಲೆ ವಾಷರ್ ಕೂರಿಸಿ, ಬಿಗಿಮಾಡಿ ಕಳಿಸಿಬಿಟ್ಟ. ಮಾವ ಬಂದಾಗ ಅದನ್ನೇ ಹೆಮ್ಮೆಯಿಂದ ಹೇಳಿದ.

ಮಾವನ ಮುಖ ಬಿಳಿಚಿಕೊಂಡಿತು. ವೇಗದಲ್ಲಿ ಗೇರ್ ಇಳಿಸಿದರೆ ಇಂಜಿನ್ ಹಿಂದಿನ ಚಕ್ರವನ್ನು ತಡೆದು ಹಿಡಿಯುತ್ತದೆ. ಚಕ್ರ ಕುಪ್ಪಳಿಸಿ ಬೈಕ್ ಅಡ್ಡ ತಿರುಗಬಹುದು. ಸ್ಲಿಪ್ಪರ್ ಕ್ಲಚ್ಚಿನೊಳಗೆ ಓರೆಯಾದ ಸಣ್ಣ ಏರುಗಳಿವೆ. ಚಕ್ರವೇ ಇಂಜಿನ್ನನ್ನು ತಿರುಗಿಸಹೊರಟಾಗ ಅವು ಒಂದರ ಮೇಲೊಂದು ಹತ್ತಿ, ಸ್ಪ್ರಿಂಗುಗಳು ಒತ್ತಿ ಹಿಡಿದ ತಟ್ಟೆಯನ್ನು ತುಸು ಎತ್ತಿ, ಪ್ಲೇಟುಗಳನ್ನು ಜಾರಲು ಬಿಡುತ್ತವೆ. ಸ್ಪ್ರಿಂಗ್ ಅತಿಯಾಗಿ ಬಿಗಿದರೆ ಆ ತಟ್ಟೆ ಬೇಕಾದಾಗ ಏಳದು.

ಹುಡುಗಿ ಫೋನ್ ಎತ್ತಲಿಲ್ಲ. ಮಾವ ಮೈಮೇಲಿನ ಎಣ್ಣೆಬಟ್ಟೆಯಲ್ಲೇ ಬೈಕ್ ಹತ್ತಿದರು. ತಿರುವು ತಿರುವಿಗೂ ಪ್ರಪಾತದ ಕಡೆ ನೋಡಲು ಅಂಜುತ್ತ ಏರಿದ ಅವರಿಗೆ, ಗುಡ್ಡದ ತುದಿಯ ಚಹದಂಗಡಿಯ ಮುಂದೆ ಅವಳ ಬೈಕ್ ಕಂಡಿತು.

“ಆ ಕಡೆ ಇಳಿದಿಲ್ಲ ತಾನೆ?”

“ಇಲ್ಲ ಮಾವ. ಲಿವರ್ ಯಾಕೋ ಗಟ್ಟಿ ಆಗಿದೆ, ಕೈ ನೋಯ್ತು. ಸ್ವಲ್ಪ ಕೂತೆ.”

ಮಾವ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. “ನನಗೂ ಒಂದು ಟೀ ಹೇಳಮ್ಮ. ಈಗ ನಡುಗ್ತಿರೋದು ನನ್ನ ಕಾಲು.”

ಬೈಕನ್ನು ಸೈಡ್ ಸ್ಟ್ಯಾಂಡಿಗೆ ಓರೆಯಾಗಿ ವಾಲಿಸಿ, ಎಣ್ಣೆ ಚೆಲ್ಲದಂತೆ ಕವರ್ ತೆಗೆದು, ವಾಷರುಗಳನ್ನೆಲ್ಲ ಹೊರಗೆ ಹಾಕಿದರು. ಆ ನಡುಕ ಕಾಯಿಲೆಯಲ್ಲ, ಕ್ಲಚ್ ತನ್ನ ಕೆಲಸ ಮಾಡುತ್ತಿರುವ ಗುರುತು ಎಂದು ತಿಳಿಸಿ, ಆಸ್ಪತ್ರೆಯ ಬಾಗಿಲವರೆಗೂ ಅವಳ ಹಿಂದೆಯೇ ಹೋದರು. ಪ್ರತಿ ತಿರುವಿನಲ್ಲೂ ಹಿಂದಿನ ಚಕ್ರ ನೆಲ ಬಿಡದೆ ಉರುಳುವುದನ್ನು ಕಂಡ ಮೇಲೆ ಅವರ ಎದೆ ಹಗುರಾಯಿತು.

ಶೆಡ್ಡಿನಲ್ಲಿ ಅಳಿಯ ತಲೆ ತಗ್ಗಿಸಿ ನಿಂತಿದ್ದ. ಇವತ್ತು ಇವನ ಗ್ರಹಚಾರ ಬಿಡಿಸುತ್ತಾರೆ ಎಂದು ಉಳಿದವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಮಾವ ಅವನ ಪಕ್ಕ ಕೂತು ಮೆಲ್ಲಗೆ ಹೇಳಿದರು: “ಬಿಗಿ ಮಾಡೋದು ನಾನೇ ಕಲಿಸಿದ್ದು ಅಳಿಯಂದ್ರೇ. ಎಲ್ಲಿ ಬಿಗಿ ಮಾಡಬಾರದು ಅಂತ ಹೇಳೋಕೆ ಇವತ್ತಿನವರೆಗೂ ಪುರುಸೊತ್ತಾಗಿರಲಿಲ್ಲ. ಬನ್ನಿ, ಒಂದು ಬಿಚ್ಚೋಣ.”

ಅಂದು ಬಿಚ್ಚಿದ ಕ್ಲಚ್ಚಿನ ಸುತ್ತ ಎಲ್ಲರೂ ಕೂತು ಕಲಿತರು. ಆ ಹುಡುಗಿ ಇಂದಿಗೂ ಅದೇ ಗುಡ್ಡ ಇಳಿಯುತ್ತಾಳೆ. ಮಾವನಿಗೆ ದೀರ್ಘಾಯುಸ್ಸೂ ಆರೋಗ್ಯವೂ ಇರಲಿ. ಇನ್ನು ಮುಂದೆ ಅವರು ಊಟವನ್ನು ನಿಧಾನವಾಗಿ ಮುಗಿಸಿ, ಅಳಿಯನ ಕೆಲಸವನ್ನು ನಿಶ್ಚಿಂತೆಯಿಂದ ನೋಡುತ್ತ ಕೂರುವಂತಾಗಲಿ.