ಮೂರನೆಯ ಮೆಟ್ಟಿಲು

ನಮ್ಮ ಮನೆಯ ಮುಂದೆ ಮೂರು ಮೆಟ್ಟಿಲುಗಳಿವೆ ಎಂದರೆ ನೀವು ‘ಇದೇನು ದೊಡ್ಡ ಸುದ್ದಿ’ ಎನ್ನಬಹುದು. ಸ್ವಲ್ಪ ತಾಳಿ. ಹೋದ ಬೇಸಿಗೆಯವರೆಗೆ ಅಲ್ಲಿ ಒಂದೂ ಇರಲಿಲ್ಲ. ಹಾಗೆಂದು ಹೊಸವೂ ಅಲ್ಲ; ಅಜ್ಜ ಬಾದಾಮಿ ಕಡೆಯಿಂದ ಕೆಂಪು ಕಲ್ಲು ತರಿಸಿ ಇಡಿಸಿದ ಮೆಟ್ಟಿಲುಗಳು ಅವು. ತೀರ ಕೆಳಗಿನ ಮೂರನೆಯದರ ಮೇಲೆ ಕುಳಿತು ನನ್ನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ಅದರ ಅಂಚಿಗೇ ಕುಡುಗೋಲು ಮಸೆಯುತ್ತಿದ್ದಳು. ಎದುರು ಮನೆಯವರು ತಮ್ಮ ಮೆಟ್ಟಿಲ ಮೇಲೆ ಕುಳಿತು ಹತ್ತಿ ಬಿಡಿಸುತ್ತಿದ್ದರು. ನಡುವಿನ ಓಣಿಯಲ್ಲಿ ಸುಖದುಃಖದ ಮಾತು ಅತ್ತಿಂದಿತ್ತ ಓಡಾಡಿಕೊಂಡಿತ್ತು. ಆ ಮೆಟ್ಟಿಲುಗಳನ್ನು ಯಾರೂ ಕದ್ದೊಯ್ಯಲಿಲ್ಲ. ಅಭಿವೃದ್ಧಿ ಎಂಬುದು ಅವನ್ನು ಒಂದೊಂದಾಗಿ ನುಂಗಿತು, ಮತ್ತು ನಾಚಿಕೆ ಬಿಟ್ಟು ಹೇಳುವುದಾದರೆ, ಅದಕ್ಕೆ ಎಲೆ ಹಾಕಿ ಬಡಿಸಿದವನು ನಾನೇ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ತುಸು ಒಳಗೆ ನಮ್ಮೂರು. ಕರಿಯ ನೆಲ, ಜೋಳ, ಕಡಲೆ, ಸೂರ್ಯಕಾಂತಿ. ಓಣಿಗೆ ನಾಲ್ಕಾರು ಮಗ್ಗ. ನಾನು ಹೊಲ ಮಾಡಿಕೊಂಡು, ಮೂರು ಸಲ ಗ್ರಾಮ ಪಂಚಾಯಿತಿಗೆ ಆರಿಸಿ ಬಂದ ಮೆಂಬರ. ಮೊದಲ ಸಲ ಗೆದ್ದಾಗ ಓಣಿಗೆ ಗರಸು ಮಣ್ಣು ಹಾಕಿಸಿದೆ. ಕೆಳಗಿನ ಮೆಟ್ಟಿಲು ಮುಚ್ಚಿತು. ಎರಡನೆಯ ಸಲ ಕಾಂಕ್ರೀಟ್ ಹಾಕಿಸಿದೆ; ನಡುವಿನದು ಹೋಯಿತು. ಮೂರನೆಯ ಸಲ ಅದರ ಮೇಲೆಯೇ ಮತ್ತೊಂದು ಪದರ ಹೊದಿಸಿ, ಉಳಿದೊಂದನ್ನೂ ಮುಗಿಸಿ, ಓಣಿಯ ಬಾಯಲ್ಲಿ ನನ್ನ ಹೆಸರು ಕೆತ್ತಿಸಿದ ನುಣುಪಾದ ಇಳಕಲ್ ಕಲ್ಲನ್ನು ನಿಲ್ಲಿಸಿದೆ. ಹಳೆಯದನ್ನು ಒಡೆಯುವ ಉಸಾಬರಿ ಯಾರಿಗೆ ಬೇಕು? ರಸ್ತೆ ಎಂದರೆ ಏರಬೇಕು, ಏರಿದ್ದು ಕಾಣಬೇಕು, ಕಂಡದ್ದು ಓಟಾಗಬೇಕು. ನನ್ನ ರಾಜ್ಯಶಾಸ್ತ್ರವೆಲ್ಲ ಇಷ್ಟೇ ಆಗಿತ್ತು.

ನಮ್ಮ ಎದುರು ಮನೆಯ ಗಂಗವ್ವ ಸೀರೆ ನೇಯುವವಳು. ಅವಳದು ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯಬೇಕು. ಅವಳ ಮನೆಗೆ ಇದ್ದುದು ಒಂದೇ ಮೆಟ್ಟಿಲು; ಓಣಿ ಏರಿದಂತೆಲ್ಲ ಮನೆ ತಾನಾಗಿಯೇ ತಗ್ಗಿಗಿಳಿಯಿತು. ಮಳೆ ಬಂತೆಂದರೆ ಓಣಿಯ ನೀರು, ಕರೆಯದೆ ಬಂದ ಬೀಗರ ಹಾಗೆ, ಹೊಸ್ತಿಲು ದಾಟಿ ನೆಟ್ಟಗೆ ಒಳಗೆ ನಡೆದು ಆ ಕುಣಿಯಲ್ಲಿ ಕೂರುತ್ತಿತ್ತು, ಮಗ್ಗದ ಸಪ್ಪಳ ಎಂಟೆಂಟು ದಿನ ನಿಂತುಹೋಗುತ್ತಿತ್ತು. ನನಗದು ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಿಂತ ಸಪ್ಪಳ ಯಾರ ಕಿವಿಗೂ ಬಡಿಯುವುದಿಲ್ಲ, ನೋಡಿ.

ಹೋದ ಬೇಸಿಗೆಯ ಗ್ರಾಮಸಭೆಯಲ್ಲಿ ನಾನು ಎರಡು ಕೆಲಸಗಳ ಪಟ್ಟಿ ಓದಿದೆ: ಊರ ಬಾಗಿಲಿಗೊಂದು ಸ್ವಾಗತ ಕಮಾನು, ನಮ್ಮ ಓಣಿಗೆ ಇನ್ನೊಂದು ಪದರ ಕಾಂಕ್ರೀಟ್. ಚಪ್ಪಾಳೆ ಬಿತ್ತು. ಹಿಂದಿನಿಂದ ಗಂಗವ್ವ ಎದ್ದು ನಿಂತಳು.

“ರಸ್ತಾ ಮಾಡ್ರಿ ಕಾಕಾ, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಸಲ ಏರಸಬ್ಯಾಡ್ರಿ, ಇಳಸ್ರಿ.”

ಸಭೆ ನಕ್ಕಿತು. ರಸ್ತೆಯನ್ನು ಇಳಿಸಿದ್ದನ್ನು ಯಾವ ಊರಲ್ಲಿ ಯಾರು ಕಂಡಿದ್ದರು? ನಾನೂ ನಕ್ಕು, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಗಾದೆಯನ್ನು ಒಗೆದೆ. ಅವಳು ಸಿಟ್ಟಾಗಲಿಲ್ಲ.

“ಡೊಂಕ ಐತೋ ಇಲ್ಲೋ ಬಂದು ನೋಡ್ರಿ. ಮೊನ್ನಿ ಅಡ್ಡಮಳಿ ನೀರು ಇನ್ನೂ ಕುಣ್ಯಾಗ ಐತಿ. ಈ ಮಳಿಗಾಲಾನೂ ಹಿಂಗ ಆತಂದ್ರ ಮಗ್ಗ ಬಿಚ್ಚಿ ಮಾರಿ ಪವರ್‌ಲೂಮಿಗೆ ಕೂಲಿ ಹೋಗಾಕಿ ನಾ. ನಮ್ಮವ್ವ ಕುಂತು ನೇಯ್ದ ಜಾಗಾ ಅದು.”

ಸಭೆಯೇ ಎದ್ದು ಅವಳ ಮನೆಗೆ ನಡೆಯಿತು. ಮೋಜು ನೋಡಲೆಂದು ಬಂದವರೇ ಹೆಚ್ಚು. ಗಂಗವ್ವ ಮಗ್ಗದ ಅಂಚನ್ನು ಸೆರಗಿನಿಂದ ಒರೆಸಿ, “ಕೂಡ್ರಿ ಕಾಕಾ, ಕಾಲ ಬಿಡ್ರಿ” ಎಂದಳು. ಧೋತರ ಎತ್ತಿ ಕಾಲು ಇಳಿಬಿಟ್ಟೆ. ಮೊಣಕಾಲಿನ ತನಕ ತಣ್ಣನೆಯ ರಾಡಿ ನೀರು. ಯಾವುದೋ ಕಪ್ಪೆ ನನ್ನ ಪಾದ ತುಳಿದು ಹೋಯಿತು. ಕಣ್ಣೆದುರಿಗೆ ಅರ್ಧ ನೇಯ್ದ ಕೆಂಪು ಸೆರಗು; ಬಾಗಿಲಾಚೆ ನೋಡಿದರೆ ನಾನು ಮೆರೆದ ರಸ್ತೆ ನನ್ನ ಎದೆಮಟ್ಟಕ್ಕಿದೆ, ಅದರ ಮೇಲೆ ಸಾಲಾಗಿ ನಿಂತ ನನ್ನ ಜನರ ಕಾಲುಗಳಷ್ಟೇ ಕಾಣುತ್ತಿವೆ. ಈಗ ಯಾರೂ ನಗುತ್ತಿರಲಿಲ್ಲ. ಮೂರು ಚುನಾವಣೆಯ ಹಮ್ಮು ಆ ನೀರಿನಲ್ಲಿ ಕರಗಿತು, ನನಗೆ ನಿಜವಾಗಿ ನಾಚಿಕೆಯಾಯಿತು.

ಗೆಳೆಯರೇ, ಊರಿಗೆ ಮೊದಲು ಏನು ಬೇಕು ಎಂಬ ಪಟ್ಟಿಯನ್ನು ನಾವು ಯಾವಾಗಲೂ ಕುರ್ಚಿಯ ಮೇಲೆ ಕುಳಿತು ಬರೆಯುತ್ತೇವೆ. ಕುರ್ಚಿಯಿಂದ ಕಮಾನು ಕಾಣುತ್ತದೆ, ದೀಪದ ಕಂಬ ಕಾಣುತ್ತದೆ, ಹೆಸರಿನ ಕಲ್ಲಂತೂ ಬಹಳ ಚೆನ್ನಾಗಿ ಕಾಣುತ್ತದೆ. ಅಂದು ಕಾಲು ಒದ್ದೆಯಾಗಿಯೇ ಸಭೆಗೆ ಮರಳಿ, ಪಟ್ಟಿಯಿಂದ ಕಮಾನನ್ನು ಹೊಡೆದುಹಾಕಿ, ‘ಓಣಿಯನ್ನು ಅಗೆದು ಇಳಿಸುವುದು’ ಎಂದು ಠರಾವು ಬರೆಸಿದೆ. ಒಪ್ಪಿಗೆಗೆ ಎದ್ದ ಕೈಗಳಲ್ಲಿ ಮೊದಲಿನವು, ನಕ್ಕವರವೇ.

ಮುಂದಿನದು ಸಲೀಸಾಗಲಿಲ್ಲ. ಇದ್ದ ರಸ್ತೆ ಒಡೆಯಲು ನಿಯಮದಲ್ಲಿ ಜಾಗವಿಲ್ಲ ಎಂದರು. ಆ ಜಾಗ ಹುಡುಕಲು ಹುನಗುಂದಕ್ಕೆ ಎಷ್ಟು ಸಲ ಎಡತಾಕಿದೆನೋ ನನ್ನ ಚಪ್ಪಲಿಗೇ ಗೊತ್ತು. ಕೊನೆಗೆ ಮಂಜೂರಾತಿ ಬಂತು, ಯಂತ್ರ ಬಂತು, ಅದರ ಹಿಂದೆಯೇ ನಮ್ಮೂರ ಗೌಂಡಿ ಹುಸೇನಸಾಬ ಹಾರೆ ಹಿಡಿದು ಬಂದ. ಅಜ್ಜನ ಕಾಲಕ್ಕೆ ನಮ್ಮ ಮೆಟ್ಟಿಲುಗಳನ್ನು ಇಟ್ಟವನು ಇವನ ಅಜ್ಜ.

“ಸಾವಕಾಶ ಮೆಂಬರ್ರ,” ಎಂದ. “ಬಾಗಲದ ಹತ್ರ ಮಷೀನ್ ಬ್ಯಾಡ. ನಮ್ಮಜ್ಜನ ಕಲ್ಲ ಇಲ್ಲೇ ಅದಾವು, ನಾ ಕೈಲೆ ತಗೀತೇನಿ.”

ಮೊದಲು ಮೇಲಿನದು ಕಂಡಿತು, ಆಮೇಲೆ ನಡುವಿನದು. ಮೂರನೆಯ ದಿನ ಗರಸಿನ ಕೆಳಗಿನಿಂದ ಮೂರನೆಯ ಮೆಟ್ಟಿಲು ಹೊರಬಂತು, ಅಂಚಿನಲ್ಲಿ ಅವ್ವ ಕುಡುಗೋಲು ಮಸೆದ ತಗ್ಗು ಇದ್ದ ಹಾಗೇ ಇತ್ತು. ಅದರೊಳಗೆ ಬೆರಳಿಟ್ಟೆ. ಅರವತ್ತು ದಾಟಿದ ಮೆಂಬರ ಹಾಡುಹಗಲೇ ಓಣಿಯಲ್ಲಿ ಅತ್ತುಬಿಟ್ಟ, ಅದನ್ನು ಮುಚ್ಚಿಡಲಾರೆ. ಇನ್ನೂ ಕೆಳಗೆ ಹಳ್ಳದ ಕಡೆಗೆ ಇಳಿಜಾರಾಗಿ ಹೊರಟ ಹಿರಿಯರ ಕಲ್ಲಿನ ಗಟಾರವೂ ಸಿಕ್ಕಿತು. ನಾವು ಹೊಸದಾಗಿ ಕಟ್ಟುವುದಕ್ಕಿಂತ ತೊಳೆಯುವುದೇ ಹೆಚ್ಚಿತ್ತು.

ಓಣಿಯ ಬಾಯಲ್ಲಿದ್ದ ಹೆಸರಿನ ಕಲ್ಲನ್ನೂ ಕಿತ್ತದ್ದಾಯಿತು. ಅದನ್ನೆಲ್ಲಿ ನಿಲ್ಲಿಸೋಣ ಎಂದು ಹುಸೇನಸಾಬ ಕೇಳಿದ. ಗಂಗವ್ವ ಬಾಗಿಲಲ್ಲೇ ನಿಂತಿದ್ದಳು.

“ಕುಣ್ಯಾಗ ಹಾಸಾಕ ನನಗೊಂದು ಕಲ್ಲ ಬೇಕಿತ್ತು ನೋಡ್ರಿ. ಆದ್ರ ನಿಮ್ಮ ಹೆಸರಿನ ಮ್ಯಾಲ ಕಾಲಿಡೂದು ಹ್ಯಾಂಗ ಕಾಕಾ?”

“ಬೋರಲ ಹಾಕಿಸ್ಕೊ ತಂಗಿ,” ಎಂದೆ.

ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಓಣಿಗೆ ಓಣಿಯೇ ತಂತಮ್ಮ ಕಟ್ಟೆಯ ಮೇಲೆ, ಮಾಡಿನ ಕೆಳಗೆ ಬಂದು ಕುಳಿತು ಗಂಗವ್ವನ ಹೊಸ್ತಿಲನ್ನೇ ನೋಡತೊಡಗಿತು; ಎಷ್ಟು ವರ್ಷಗಳಾಗಿದ್ದವು ನಾವೆಲ್ಲ ಹೀಗೆ ಮುಖಾಮುಖಿ ಕುಳಿತು! ನೀರು ಭೋರೆಂದು ಬಂತು, ಗಂಗವ್ವನ ಮೆಟ್ಟಿಲ ಬುಡಕ್ಕೆ ತಾಗಿತು, ಏರಲು ಆಗದೆ ಗಟಾರ ಹಿಡಿದು ಹಳ್ಳಕ್ಕೆ ಹೋಯಿತು. ಆಗ ಆ ಮಳೆಯೊಳಗಿಂದ ಟಕ್ಕ್, ಟಕ್ಕ್ ಎಂದು ಮಗ್ಗದ ಸಪ್ಪಳ ಕೇಳಿಸಿತು.

“ಕೇಳಸ್ತೇನ್ರಿ ಮೆಂಬರ್ರ?” ಎಂದು ಹುಸೇನಸಾಬ ಆಚೆ ಕಟ್ಟೆಯಿಂದ ಕೂಗಿದ.

ಮಳೆಯಲ್ಲೇ ಇಳಿದು ಹೋಗಿ ಮೂರನೆಯ ಮೆಟ್ಟಿಲ ಮೇಲೆ, ಅವ್ವ ಕೂರುತ್ತಿದ್ದ ಜಾಗದಲ್ಲಿ ಕುಳಿತೆ. ನಾನು ತಲೆಯಿಂದ ಪಾದದವರೆಗೆ ತೊಯ್ದಿದ್ದೆ. ಎದುರು ಮನೆಯೊಳಗೆ, ನನ್ನ ಹೆಸರಿನ ಕಲ್ಲಿನ ಮೇಲೆ, ಹನಿ ನೀರು ಸೋಕದ ಎರಡು ಕಾಲುಗಳು ಮಗ್ಗ ತುಳಿಯುತ್ತಿದ್ದವು.